ಬಿಗಿಯಾದ ಕ್ರೌನ್: ಎಣ್ಣೆಗೆ ಮೊದಲು ಬಿಗಿ ಎಲ್ಲಿದೆ ಎಂದು ನೋಡಿ

ಕೈಗಡಿಯಾರಕ್ಕೆ ಕೀ ಕೊಡುವಾಗ ಪಕ್ಕದ ಗುಂಡಿ, ಅಂದರೆ ಕ್ರೌನ್, ಗಟ್ಟಿಯಾಗಿದೆ ಅನ್ನಿಸಿದ ಕೂಡಲೇ ಕೈ ಹೋಗುವುದು ಎಣ್ಣೆ ಡಬ್ಬಿಗೆ. ಕ್ರೌನ್ ಮತ್ತು ಕೇಸ್ ನಡುವಿನ ಸಂದಿಗೆ ಒಂದು ತೊಟ್ಟು ಬಿಟ್ಟರೆ ನಾಲ್ಕು ದಿನ ಹಗುರವಾಗಿ ತಿರುಗುವುದೂ ನಿಜ. ಆದರೆ ಆ ತೊಟ್ಟು ಅಲ್ಲೇ ಕೂತಿರುವುದಿಲ್ಲ. ಕ್ರೌನ್ ಕೂರುವ ಕಡ್ಡಿ (ಸ್ಟೆಮ್) ಹಿಡಿದುಕೊಂಡು ಒಳಗಿಳಿಯುತ್ತದೆ, ವಾಚಿನ ಒಳಯಂತ್ರವಾದ ಮೂವ್‌ಮೆಂಟ್ ಮೇಲೆಲ್ಲ ಹರಡುತ್ತದೆ. ವಾಚಿನ ವೇಗ ಹಿಡಿದಿಡುವ ಸಪೂರ ಸುರುಳಿಯಾದ ಹೇರ್‌ಸ್ಪ್ರಿಂಗ್‌ಗೆ ತಾಗಿತೆಂದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ದಿನಕ್ಕೆ ಹಲವು ನಿಮಿಷ ಮುಂದೋಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಅಡುಗೆ ಎಣ್ಣೆ, ಡಬ್ಲ್ಯುಡಿ-40 ಸ್ಪ್ರೇ ಈ ಮೂರನ್ನೂ ವಾಚಿನ ಹತ್ತಿರ ತರಬೇಡಿ. ಮೊದಲನೆಯದು ಹರಿದು ಹೋಗುತ್ತದೆ, ಎರಡನೆಯದು ಕಾಲಕ್ರಮೇಣ ಅಂಟಾಗುತ್ತದೆ, ಮೂರನೆಯದು ಇದ್ದ ಗ್ರೀಸನ್ನೂ ಕರಗಿಸಿ ತಾನು ತೆಳುವಾದ ಜಿಡ್ಡಾಗಿ ಉಳಿಯುತ್ತದೆ.

ಬಿಗಿತಕ್ಕೆ ಐದಾರು ಕಾರಣಗಳಿವೆ. ಒಂದೊಂದೂ ಒಂದೊಂದು ಜಾಗದಲ್ಲಿ ಕೂತಿರುತ್ತದೆ, ಒಂದೊಂದಕ್ಕೂ ಬೇಕಾದ ಗ್ರೀಸ್ ಬೇರೆ, ಕೆಲವಕ್ಕಂತೂ ಗ್ರೀಸೇ ಬೇಕಾಗುವುದಿಲ್ಲ. ಹಾಗಾಗಿ ಅರ್ಧ ಕೆಲಸ ಬೆರಳಿನದು, ತಿರುಗಿಸಿ ತಿರುಗಿಸಿ ಜಾಗ ಪತ್ತೆ ಮಾಡುವುದು.

ಕ್ರೌನ್ ಹಿಂದೆ ಏನಿದೆ

ಕ್ರೌನ್ ಒಂದು ತೆಳು ಉಕ್ಕಿನ ಕಡ್ಡಿಯ ತುದಿಗೆ ಮರೆಯಿಂದ (ಸ್ಕ್ರೂವಿನಂಥ ಸುರುಳಿ ಗೆರೆಗಳಿಂದ) ಸಿಕ್ಕಿಸಿದ ಗುಂಡಿ. ಆ ಕಡ್ಡಿಯೇ ಸ್ಟೆಮ್. ಕೇಸ್‌ನ ಪಕ್ಕದಲ್ಲಿ ಕೂರಿಸಿದ ಸಣ್ಣ ಟ್ಯೂಬ್ ಮೂಲಕ ಅದು ಒಳಗೆ ಹೋಗುತ್ತದೆ. ನೀರು ತಡೆಯುವ ವಾಚಾದರೆ ಕ್ರೌನ್‌ನ ಹೊಟ್ಟೆಯೊಳಗೆ ಒಂದು ರಬ್ಬರ್ ಗ್ಯಾಸ್ಕೆಟ್ ಇದ್ದು ಟ್ಯೂಬಿನ ಹೊರಮೈಯನ್ನು ಅಪ್ಪಿಕೊಂಡಿರುತ್ತದೆ.

ಒಳಗೆ ಸ್ಟೆಮ್ ಮೇಲೆ ಎರಡು ಪಿನಿಯನ್‌ಗಳಿವೆ, ಅಂದರೆ ಸಣ್ಣ ಹಲ್ಲುಚಕ್ರಗಳು. ದುಂಡು ಭಾಗದ ಮೇಲೆ ವೈಂಡಿಂಗ್ ಪಿನಿಯನ್, ಚೌಕ ಭಾಗದ ಮೇಲೆ ಸ್ಲೈಡಿಂಗ್ ಪಿನಿಯನ್. ಇವೆರಡೂ ಎದುರುಬದುರಾಗಿ ಗರಗಸದ ಹಲ್ಲಿನಂಥ ಓರೆ ಹಲ್ಲುಗಳಿಂದ ಕಚ್ಚಿಕೊಳ್ಳುತ್ತವೆ. ಮುಂದಕ್ಕೆ ತಿರುಗಿಸಿದರೆ ಹಲ್ಲು ಹಿಡಿಯುತ್ತದೆ, ಕ್ರೌನ್ ವೀಲ್ ತಿರುಗುತ್ತದೆ, ಅದು ರಾಚೆಟ್ ವೀಲನ್ನು ತಿರುಗಿಸುತ್ತದೆ, ಬ್ಯಾರೆಲ್ ಎಂಬ ದುಂಡು ಡಬ್ಬಿಯೊಳಗೆ ವಾಚು ಓಡಿಸುವ ಮೇನ್‌ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಹಿಂದಕ್ಕೆ ತಿರುಗಿಸಿದರೆ ಓರೆ ಹಲ್ಲು ಜಾರಿ ಕಟಕಟ ಅನ್ನುತ್ತದೆ, ಅಷ್ಟೆ. ಸುತ್ತಿಕೊಂಡ ಸ್ಪ್ರಿಂಗ್ ಬಿಚ್ಚದಂತೆ ಹಿಡಿದಿರುವುದು ಕ್ಲಿಕ್ ಎನ್ನುವ ಪುಟ್ಟ ಕೊಕ್ಕೆ.

ಕ್ರೌನ್ ಹೊರಗೆಳೆದರೆ ಸ್ಟೆಮ್ಮಿನ ಕಚ್ಚಿನಲ್ಲಿ ಕೂತ ಸೆಟ್ಟಿಂಗ್ ಲಿವರ್ ಸರಿಯುತ್ತದೆ, ಅದು ಯೋಕ್ ಎಂಬ ತೋಳನ್ನು ನೂಕುತ್ತದೆ, ಯೋಕ್ ಸ್ಲೈಡಿಂಗ್ ಪಿನಿಯನ್ನನ್ನು ಎಳೆದುಕೊಂಡು ಹೋಗಿ ಮುಳ್ಳು ತಿರುಗಿಸುವ ಚಕ್ರಕ್ಕೆ ಜೋಡಿಸುತ್ತದೆ. ಮುಂದಿನದೆಲ್ಲ ಈ ನಕ್ಷೆಯ ಮೇಲೆಯೇ ನಿಂತಿದೆ, ಒಮ್ಮೆ ಮನಸ್ಸಿನಲ್ಲಿ ಕೂರಿಸಿಕೊಳ್ಳಿ.

ವಾಚು ಬಿಚ್ಚದೆಯೇ ಪತ್ತೆ ಮಾಡುವುದು

ಕ್ರೌನ್ ಒಳಗೆ ಒತ್ತಿದ ಸ್ಥಿತಿಯಲ್ಲಿ, ಟ್ಯೂಬಿಗೆ ಮರೆಯಿಂದ ತಿರುಗಿಸಿ ಮುಚ್ಚುವ ಸ್ಕ್ರೂ ಕ್ರೌನ್ ಆದರೆ ಮರೆ ಬಿಚ್ಚಿದ ಸ್ಥಿತಿಯಲ್ಲಿ, ಮೊದಲು ಹಿಂದಕ್ಕೆ ತಿರುಗಿಸಿ. ಹಿಂದಕ್ಕೆ ತಿರುಗುವಾಗ ಮೇನ್‌ಸ್ಪ್ರಿಂಗ್‌ನ ಭಾರ ಕ್ರೌನ್ ಮೇಲೆ ಇರುವುದೇ ಇಲ್ಲ. ಆದ್ದರಿಂದ ಹಿಂದಕ್ಕೂ ಬಿಗಿ, ಮುಂದಕ್ಕೂ ಬಿಗಿ ಎಂದಾದರೆ ತೊಂದರೆ ಗ್ಯಾಸ್ಕೆಟ್, ಟ್ಯೂಬ್ ಅಥವಾ ಸ್ಟೆಮ್‌ನಲ್ಲಿದೆ. ಹಿಂದಕ್ಕೆ ಹಗುರ, ಮುಂದಕ್ಕೆ ಮಾತ್ರ ಬಿಗಿ ಎಂದಾದರೆ ಕ್ರೌನ್ ವೀಲ್, ರಾಚೆಟ್ ಅಥವಾ ಬ್ಯಾರೆಲ್ಲಿನ ಕಡೆ ನೋಡಬೇಕು. ಈ ಒಂದು ಪರೀಕ್ಷೆಗೆ ಹತ್ತು ಸೆಕೆಂಡು ಸಾಕು, ಅದು ಉಳಿಸುವ ಶ್ರಮ ಮಾತ್ರ ದೊಡ್ಡದು.

ಮುಂದೆ ಕ್ರೌನ್ ಎಳೆದು ಮುಳ್ಳು ತಿರುಗಿಸಿ. ಕೀ ಕೊಡುವಾಗ ಸರಾಗ, ಮುಳ್ಳು ತಿರುಗಿಸುವಾಗ ಮಾತ್ರ ಬಿಗಿ ಎಂದಾದರೆ ನಿಮಿಷದ ಮುಳ್ಳು ಕೂರುವ ಕ್ಯಾನನ್ ಪಿನಿಯನ್ ಒಣಗಿದೆ, ಇಲ್ಲವೇ ಅತಿಯಾಗಿ ಬಿಗಿಯಾಗಿದೆ. ಇಲ್ಲಿ ಒಂದಿಷ್ಟು ಎಳೆತ ಇರಲೇಬೇಕು, ಆ ತಿಕ್ಕಾಟದ ಬಲದಲ್ಲೇ ಮುಳ್ಳುಗಳು ಮೂವ್‌ಮೆಂಟ್ ಜೊತೆ ಓಡುತ್ತವೆ. ಬೆಣ್ಣೆಯಲ್ಲಿ ಚಾಕು ಹೋದಂತೆ ಒಂದೇ ಸಮನಾದ ಎಳೆತವಾದರೆ ಸರಿ. ತಡೆತಡೆದು, ಜಿಗಿಜಿಗಿದು ತಿರುಗಿದರೆ ಸರಿಯಿಲ್ಲ. ಕ್ಯಾನನ್ ಪಿನಿಯನ್ ಮುಟ್ಟಲು ಮುಳ್ಳು, ಡಯಲ್ ಎರಡೂ ತೆಗೆಯಬೇಕಾದ್ದರಿಂದ ಅದನ್ನು ಮನೆಯಲ್ಲಿ ಕೈಗೆತ್ತಿಕೊಳ್ಳದಿರುವುದೇ ಒಳ್ಳೆಯದು.

ಬಿಗಿತದ ಲಯವನ್ನೂ ಗಮನಿಸಿ. ಪ್ರತಿ ಸುತ್ತಿಗೆ ಒಮ್ಮೆ, ಅದೇ ಜಾಗದಲ್ಲಿ ಬಿಗಿಯಾಗಿ ಮತ್ತೆ ಸಡಿಲವಾದರೆ ಸ್ಟೆಮ್ ಬಾಗಿದೆ. ಕ್ರೌನ್ ತಿರುಗುವಾಗ ಪಕ್ಕದಿಂದ ನೋಡಿದರೆ ಅದು ಓಲಾಡುವುದು ಕಾಣುತ್ತದೆ. ಹಲವು ಸುತ್ತಿಗೊಮ್ಮೆ ಎಡವಿದಂತೆ ಅನ್ನಿಸಿದರೆ ದೊಡ್ಡ ಚಕ್ರವೊಂದರ ಹಲ್ಲಿಗೆ ಪೆಟ್ಟಾಗಿದೆ ಅಥವಾ ಹಲ್ಲಿನ ನಡುವೆ ಕೊಳೆ ಸಿಕ್ಕಿದೆ. ಸುತ್ತಿನುದ್ದಕ್ಕೂ ಗರಗರ ಅಂದರೆ ಟ್ಯೂಬಿನಲ್ಲಿ ಮರಳೋ ತುಕ್ಕಿನ ಪುಡಿಯೋ ಇದೆ.

ಬಿಗಿತವೇ ಅಲ್ಲದ ಬಿಗಿತವೂ ಉಂಟು. ಕೈಯಿಂದ ಕೀ ಕೊಡುವ ವಾಚು ಪೂರ್ತಿ ನಿಂತ ಸ್ಥಿತಿಯಿಂದ ಸಾಮಾನ್ಯವಾಗಿ 20ರಿಂದ 40 ಸುತ್ತಿಗೆ ತುಂಬುತ್ತದೆ. ಕೊನೆಕೊನೆಗೆ ಗಟ್ಟಿಯಾಗಿ ಥಟ್ಟನೆ ನಿಲ್ಲುವುದು ಸಹಜ, ಅಲ್ಲಿಂದ ಮುಂದೆ ಬಲ ಹಾಕಿದರೆ ಸ್ಪ್ರಿಂಗೋ ಕ್ಲಿಕ್ಕೋ ಮುರಿಯುತ್ತದೆ. ಕೈಯ ಚಲನೆಯಿಂದ ತಾನೇ ಕೀ ಪಡೆಯುವ ಆಟೋಮ್ಯಾಟಿಕ್ ವಾಚಿನಲ್ಲಿ ಈ ನಿಲುಗಡೆ ಇರುವುದಿಲ್ಲ. ಸ್ಪ್ರಿಂಗ್‌ನ ಹೊರತುದಿ ಬ್ಯಾರೆಲ್ ಗೋಡೆಯ ಮೇಲೆ ಜಾರಿಕೊಳ್ಳುವಂತೆ ಮಾಡಿರುತ್ತಾರೆ. ಸೀಕೊ 7ಎಸ್26ರಂಥ ಮೂವ್‌ಮೆಂಟ್‌ಗೆ ಕ್ರೌನ್‌ನಿಂದ ಕೀ ಕೊಡುವ ವ್ಯವಸ್ಥೆಯೇ ಇಲ್ಲ. ಅಲ್ಲಿ ಕ್ರೌನ್ ತಿರುಗಿಸಿ ಏನೂ ಆಗದಿದ್ದರೆ ಅದು ದೋಷವಲ್ಲ. ಕ್ವಾರ್ಟ್ಸ್ ವಾಚಿಗೂ ಕೀ ಇಲ್ಲ. ಅದರಲ್ಲಿ ಮುಳ್ಳು ತಿರುಗಿಸುವಾಗ ಬಿಗಿ ಎಂದರೆ ಬಹುಮಟ್ಟಿಗೆ ಗ್ಯಾಸ್ಕೆಟ್ಟಿನದೇ ಕತೆ.

ಇಟಿಎ 2824-2 ಎಂಬ ಆಟೋಮ್ಯಾಟಿಕ್ ಮೂವ್‌ಮೆಂಟ್ ಇರುವ ವಾಚಿಗೆ ಕೈಯಿಂದ ಕೀ ಕೊಡುವಾಗ ಒಳಗಿನ ರೋಟರ್ (ಓಲಾಡುವ ತೂಕ) ಕೂಡ ಗಿರಗಿರನೆ ತಿರುಗತೊಡಗಿದರೆ, ರೋಟರ್ ಎತ್ತ ತಿರುಗಿದರೂ ಸ್ಪ್ರಿಂಗ್ ಸುತ್ತಿಸುವ ರಿವರ್ಸಿಂಗ್ ವೀಲ್‌ಗಳು ಒಣಗಿವೆ ಅಥವಾ ಜಿಡ್ಡುಗಟ್ಟಿವೆ ಎಂದರ್ಥ. ಆಗ ಕ್ರೌನ್‌ಗೆ ಗ್ರೀಸ್ ಹಚ್ಚಿ ಪ್ರಯೋಜನವಿಲ್ಲ. ಕೈಯಿಂದ ಕೀ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ ಸರ್ವೀಸ್‌ಗೆ ಕೊಡಿ.

ಮೊದಲು ಕೊಳೆ

ಹಿಂದಕ್ಕೂ ಮುಂದಕ್ಕೂ ಬಿಗಿಯಾದ ಕ್ರೌನ್‌ಗಳಲ್ಲಿ ಎಷ್ಟೋ ಬರಿಯ ಕೊಳೆಯಿಂದ ಬಿಗಿಯಾದವು. ಬೆವರಿನ ಉಪ್ಪು, ಸೋಪಿನ ಜಿಡ್ಡು, ಸತ್ತ ಚರ್ಮದ ಪುಡಿ ಸೇರಿ ಕ್ರೌನ್‌ನ ಬುಡದಲ್ಲಿ ಬೂದುಬಣ್ಣದ ಮೇಣದಂತೆ ಕಟ್ಟಿಕೊಳ್ಳುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಟ್ಯೂಬಿನ ಸುತ್ತ ಒಂದು ಉಂಗುರವೇ ಕಾಣುತ್ತದೆ.

ಮರದ ಹಲ್ಲುಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ಚೂಪು ಮಾಡಿ. ವಾಚನ್ನು ಕ್ರೌನ್ ಕೆಳಮುಖವಾಗುವಂತೆ ಹಿಡಿದು ಆ ಉಂಗುರವನ್ನು ಕೆರೆಯಿರಿ, ಉದುರಿದ್ದು ಒಳಗೆ ಬೀಳದೆ ಹೊರಗೆ ಬೀಳಲಿ. ಆಮೇಲೆ ಒಣ ಮೃದು ಬ್ರಷ್. ಕ್ರೌನ್ ಎಳೆದಾಗ ಅಥವಾ ಮರೆ ಬಿಚ್ಚಿದಾಗ ನೀರು ಬಳಸಲೇಬೇಡಿ, ಆ ಹೊತ್ತಿನಲ್ಲಿ ನೀರಿಗೆ ದಾರಿ ತೆರೆದಿರುತ್ತದೆ. ಲೋಹದ ಸೂಜಿಯೂ ಬೇಡ, ಟ್ಯೂಬಿನ ಮೇಲೆ ಬಿದ್ದ ಒಂದು ಗೀರು ಗ್ಯಾಸ್ಕೆಟ್ಟನ್ನು ಪ್ರತಿ ಸುತ್ತಿಗೂ ಕೊಯ್ಯುತ್ತದೆ.

ಸ್ಕ್ರೂ ಕ್ರೌನ್‌ನ ಬಿಗಿ ಮರೆಯಲ್ಲೇ ಇರುವುದುಂಟು. ಮರೆಯನ್ನು ಹೀಗೆಯೇ ಒಣದಾಗಿ ಸ್ವಚ್ಛ ಮಾಡಿ. ಮುಚ್ಚುವಾಗ ಕ್ರೌನನ್ನು ಹಗುರವಾಗಿ ಒತ್ತಿ ಹಿಡಿದು ಮೊದಲು ಅಪ್ರದಕ್ಷಿಣವಾಗಿ ತಿರುಗಿಸಿ. ಮರೆಯ ಆರಂಭ ಒಂದಕ್ಕೊಂದು ಸಿಕ್ಕಾಗ ಬೆರಳಿಗೆ ಸಣ್ಣಗೆ ಟಿಕ್ ಎಂದು ಇಳಿದಂತೆ ತಿಳಿಯುತ್ತದೆ, ಅಲ್ಲಿಂದ ಪ್ರದಕ್ಷಿಣವಾಗಿ ತಿರುಗಿಸಿ. ಇದನ್ನು ರೂಢಿ ಮಾಡಿಕೊಂಡರೆ ಮರೆ ಅಡ್ಡ ಕೂತು ಸವೆಯುವುದು ತಪ್ಪುತ್ತದೆ. ಸವೆದ ಮರೆಗೆ ಗ್ರೀಸ್ ಮದ್ದಲ್ಲ. ಕ್ರೌನನ್ನೂ ಟ್ಯೂಬನ್ನೂ ಜೊತೆಯಾಗಿ ಬದಲಿಸಬೇಕು, ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ.

ಸ್ಟೆಮ್ ಹೊರತೆಗೆಯುವುದು

ಕೊಳೆ ಹೋದರೂ ಬಿಗಿ ಹೋಗದಿದ್ದರೆ ಹಿಂಬದಿಯ ಮುಚ್ಚಳ ತೆಗೆಯಬೇಕು. ಬೇಕಾದ್ದು ಇಷ್ಟು: ಮುಚ್ಚಳಕ್ಕೆ ತಕ್ಕ ಓಪನರ್, 5ರಿಂದ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, 0.8 ಮತ್ತು 1.2 ಮಿ.ಮೀ. ಸ್ಕ್ರೂಡ್ರೈವರ್, ಸಪೂರ ಚಿಮಟ, ಎಣ್ಣೆ ಮುಟ್ಟಿಸುವ ಆಯಿಲರ್ ಕಡ್ಡಿ, ಪೆಗ್‌ವುಡ್ ಎಂಬ ಸಪೂರ ಮರದ ಕಡ್ಡಿ, ಧೂಳು ಎತ್ತುವ ರೋಡಿಕೊ ಮೇಣ, ಗಾಳಿ ಊದುವ ರಬ್ಬರ್ ಬುರುಡೆ, ಬೆರಳಿಗೆ ರಬ್ಬರ್ ತೊಡಿಗೆ. ಬಾಯಿಂದ ಊದಬೇಡಿ, ಉಗುಳಿನ ತೇವ ಉಕ್ಕಿನ ಮೇಲೆ ತುಕ್ಕಿನ ಚುಕ್ಕೆಯಾಗಿ ಉಳಿಯುತ್ತದೆ.

ಸ್ಟೆಮ್ ಬಿಡಿಸುವ ಬಗೆ ಎರಡು. ಹೊಸ ಮೂವ್‌ಮೆಂಟ್‌ಗಳಲ್ಲಿ ಸ್ಟೆಮ್ ಒಳಹೋಗುವ ಜಾಗದ ಪಕ್ಕದಲ್ಲೇ ಒಂದು ಸಣ್ಣ ಗುಳಿ ಅಥವಾ ಗುಂಡಿ ಇರುತ್ತದೆ, ಕೆಲವದರ ಪಕ್ಕದಲ್ಲಿ ಬಾಣದ ಗುರುತೂ ಇರುತ್ತದೆ. ಅದನ್ನು ಮೊಂಡು ತುದಿಯಿಂದ ಹಗುರವಾಗಿ ಒತ್ತಿ, ಕ್ರೌನನ್ನು ನೇರವಾಗಿ ಎಳೆಯಿರಿ. ಜೋರಾಗಿ ಒತ್ತಿದರೆ ಸೆಟ್ಟಿಂಗ್ ಲಿವರ್ ತನ್ನ ಜಾಗ ಬಿಡುತ್ತದೆ. ಕ್ರೌನ್ ಯಾವ ಸ್ಥಾನದಲ್ಲಿರುವಾಗ ಒತ್ತಬೇಕು ಎಂಬುದು ಮೂವ್‌ಮೆಂಟ್‌ನಿಂದ ಮೂವ್‌ಮೆಂಟ್‌ಗೆ ಬೇರೆ. ತಪ್ಪು ಸ್ಥಾನದಲ್ಲಿ ತೆಗೆದರೆ ಸ್ಲೈಡಿಂಗ್ ಪಿನಿಯನ್ ಯೋಕ್‌ನಿಂದ ಜಾರಿ, ಸ್ಟೆಮ್ ಮತ್ತೆ ಕೂರುವುದೇ ಇಲ್ಲ. ಆ ಮೂವ್‌ಮೆಂಟ್‌ನ ತಾಂತ್ರಿಕ ಹಾಳೆ ನೋಡಿಯೇ ಕೈ ಹಾಕಿ.

ಹಳೆಯ ವಾಚುಗಳಲ್ಲಿ ಗುಂಡಿಯ ಬದಲು ಸ್ಕ್ರೂ ಇರುತ್ತದೆ. ಅದನ್ನು ಅಪ್ರದಕ್ಷಿಣವಾಗಿ ಒಂದು ಸುತ್ತು ಬಿಚ್ಚಿ ಎಳೆದು ನೋಡಿ. ಬಾರದಿದ್ದರೆ ಇನ್ನರ್ಧ ಸುತ್ತು, ಮತ್ತೆ ಎಳೆದು ನೋಡಿ. ಎಳೆಯದೆ ಸುಮ್ಮನೆ ಬಿಚ್ಚುತ್ತಾ ಹೋದರೆ ಸ್ಕ್ರೂ ಸೆಟ್ಟಿಂಗ್ ಲಿವರನ್ನು ಬಿಟ್ಟುಬಿಡುತ್ತದೆ, ಲಿವರ್ ಡಯಲ್‌ನ ಅಡಿಯಲ್ಲಿ ಕಳಚಿ ಬೀಳುತ್ತದೆ. ಆಗ ಐದು ನಿಮಿಷದ ಕೆಲಸಕ್ಕೆ ಮುಳ್ಳು, ಡಯಲ್ ಎಲ್ಲ ಬಿಚ್ಚಬೇಕಾಗುತ್ತದೆ.

ಹಿಂಬದಿ ಮುಚ್ಚಳವೇ ಇಲ್ಲದ, ಗಾಜಿನ ಕಡೆಯಿಂದ ಮೂವ್‌ಮೆಂಟ್ ಹೊರಬರುವ ಕೆಲವು ಹಳೆಯ ಕೇಸ್‌ಗಳಲ್ಲಿ ಸ್ಟೆಮ್ ಎರಡು ತುಂಡಿನದು, ಒಂದರೊಳಗೊಂದು ಕಚ್ಚಿಕೊಂಡಿರುತ್ತದೆ. ಅದಕ್ಕೆ ಬೇರೆಯೇ ವಿಧಾನವಿದೆ, ಇಲ್ಲಿ ಹೇಳಿದ್ದನ್ನು ಅದರ ಮೇಲೆ ಪ್ರಯೋಗಿಸಬೇಡಿ.

ಎರಡು ಕಡೆ, ಎರಡು ಪರೀಕ್ಷೆ

ಸ್ಟೆಮ್ ಹೊರಬಂದ ಮೇಲೆ ಮೂವ್‌ಮೆಂಟನ್ನು ಕೇಸ್‌ನಿಂದ ತೆಗೆದು ಹೋಲ್ಡರಿನಲ್ಲಿಡಿ. ಬರಿಯ ಕೇಸ್‌ನ ಟ್ಯೂಬಿಗೆ ಕ್ರೌನ್ ಸಮೇತ ಸ್ಟೆಮ್ ತೂರಿಸಿ ತಿರುಗಿಸಿ. ಇಲ್ಲಿಯೇ ಬಿಗಿ ಇದ್ದರೆ ತಪ್ಪಿತಸ್ಥ ಗ್ಯಾಸ್ಕೆಟ್ ಅಥವಾ ಟ್ಯೂಬ್. ಇಲ್ಲಿ ಸರಾಗವಾಗಿದ್ದರೆ ಕೇಸ್‌ನ ಹೊರಗೇ ಸ್ಟೆಮ್ಮನ್ನು ಮೂವ್‌ಮೆಂಟ್‌ಗೆ ಹಾಕಿ ಕೀ ಕೊಟ್ಟು ನೋಡಿ. ಅಲ್ಲಿ ಬಿಗಿ ಇದ್ದರೆ ಒಳಗಿನ ಭಾಗಗಳದ್ದು.

ಎರಡು ಕಡೆಯೂ ಸರಾಗ, ಜೋಡಿಸಿದರೆ ಮಾತ್ರ ಬಿಗಿ ಎನ್ನುವ ಮೂರನೆಯ ಸ್ಥಿತಿಯೂ ಬರುತ್ತದೆ. ಇದನ್ನು ಬಲ್ಲವರೂ ಮರೆಯುವುದುಂಟು. ಮೂವ್‌ಮೆಂಟ್ ಹಿಡಿದಿಡುವ ಉಂಗುರ ಕಳೆದುಹೋಗಿದ್ದರೆ ಅಥವಾ ಕೇಸ್ ಕ್ಲಾಂಪಿನ ಸ್ಕ್ರೂ ಸಡಿಲವಾಗಿದ್ದರೆ ಮೂವ್‌ಮೆಂಟ್ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ, ಸ್ಟೆಮ್ ಟ್ಯೂಬಿನ ಒಂದು ಬದಿಗೆ ಒರೆಸಿಕೊಂಡು ತಿರುಗುತ್ತದೆ. ಸ್ಟೆಮ್ಮಿನ ಒಂದೇ ಪಟ್ಟಿಯಲ್ಲಿ ಹೊಳಪು ತೇಯ್ದ ಗುರುತಿದ್ದರೆ ಇದೇ ಕಾರಣ. ಮದ್ದು ಕ್ಲಾಂಪ್ ಬಿಗಿ ಮಾಡುವುದು ಅಥವಾ ಸರಿಯಾದ ಉಂಗುರ ಹಾಕುವುದು.

ಸ್ಟೆಮ್ ಬಾಗಿದೆಯೇ ಎಂದು ನೋಡಲು ಅದನ್ನು ಗಾಜಿನ ತುಂಡಿನ ಮೇಲೆ, ಕ್ರೌನ್ ಅಂಚಿನಿಂದ ಹೊರಗಿರುವಂತೆ ಇಟ್ಟು, ಹಿಂದಿನಿಂದ ಬೆಳಕು ಬರುವಂತೆ ಮಾಡಿ ದುಂಡು ಭಾಗವನ್ನು ಉರುಳಿಸಿ. ಗಾಜಿಗೂ ಕಡ್ಡಿಗೂ ನಡುವೆ ಬೆಳಕಿನ ಗೆರೆ ಬಂದು ಹೋದರೆ ಬಾಗಿದೆ. ಬಾಗಿದ್ದನ್ನು ನೇರ ಮಾಡಲು ಹೋಗಬೇಡಿ, ಗಡಸು ಮಾಡಿದ ಉಕ್ಕು ಪುಟಕ್ಕನೆ ಮುರಿಯುತ್ತದೆ. ಹೊಸ ಸ್ಟೆಮ್ ತಂದು ಅಳತೆಗೆ ಕತ್ತರಿಸಿ.

ಸ್ಟೆಮ್ ಮುರಿದು ಅದರ ತುಂಡು ಕ್ರೌನ್‌ನೊಳಗೆ ಸಿಕ್ಕಿಕೊಂಡರೆ ಗಡಿಯಾರದವರು ಪಟಿಕ ಬಳಸುತ್ತಾರೆ. ಬಿಸಿ ನೀರಿನಲ್ಲಿ ಕರಗುವಷ್ಟು ಪಟಿಕ ಹಾಕಿ ಹಿತ್ತಾಳೆಯ ಅಥವಾ ಚಿನ್ನದ ಕ್ರೌನನ್ನು ಅದರಲ್ಲಿ ಮುಳುಗಿಸಿಟ್ಟರೆ ಉಕ್ಕಿನ ತುಂಡು ನಿಧಾನವಾಗಿ ಕರಗಿಹೋಗುತ್ತದೆ, ಕ್ರೌನ್ ಉಳಿಯುತ್ತದೆ. ಉಕ್ಕಿನ ಕ್ರೌನ್‌ಗೆ ಇದು ಸಲ್ಲದು. ಪಟಿಕದ ನೀರು ಮೂವ್‌ಮೆಂಟ್‌ನ ಹತ್ತಿರವೂ ಸುಳಿಯಬಾರದು.

ಗ್ಯಾಸ್ಕೆಟ್‌ಗೆ ಸಿಲಿಕೋನ್ ಗ್ರೀಸ್

ಕ್ರೌನ್‌ನ ಹೊಟ್ಟೆಯನ್ನು ಲೂಪ್‌ನಲ್ಲಿ ನೋಡಿ. ಗ್ಯಾಸ್ಕೆಟ್ ಕಪ್ಪಗೆ, ಮೆತ್ತಗೆ, ದುಂಡಗೆ ಇರಬೇಕು. ಚಪ್ಪಟೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಟಾರಿನಂತೆ ಅಂಟುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಮೊಂಡು ತುದಿಯ ಸಣ್ಣ ಕೊಕ್ಕೆಯಿಂದ ಎತ್ತಿ ತೆಗೆಯಿರಿ, ಒಳಗಿನ ಕಚ್ಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಪೆಗ್‌ವುಡ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕೆಲವು ಕ್ರೌನ್‌ಗಳಲ್ಲಿ ಗ್ಯಾಸ್ಕೆಟ್ ಮೇಲೆ ಲೋಹದ ವಾಷರ್ ಒತ್ತಿ ಕೂರಿಸಿರುತ್ತಾರೆ. ಅಂಥದ್ದನ್ನು ಕಿತ್ತರೆ ಮತ್ತೆ ಕೂರದು, ಕ್ರೌನನ್ನೇ ಬದಲಿಸುವುದು ಮೇಲು.

ಹೊಸ ಗ್ಯಾಸ್ಕೆಟ್‌ನ ಅಳತೆ ಕಣ್ಣಂದಾಜಿನಲ್ಲಿ ಆಗುವುದಿಲ್ಲ. ಟ್ಯೂಬಿನ ಹೊರವ್ಯಾಸವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ಗ್ಯಾಸ್ಕೆಟ್‌ನ ಒಳವ್ಯಾಸ ಅದಕ್ಕಿಂತ ತುಸು ಕಡಿಮೆ ಇರಬೇಕು, ದಪ್ಪ ಹಳೆಯದರಷ್ಟೇ ಇರಬೇಕು. 0.1 ಮಿ.ಮೀ. ದಪ್ಪ ಹೆಚ್ಚಾದರೂ ಕ್ರೌನ್ ಮೊದಲಿಗಿಂತ ಬಿಗಿಯಾಗುತ್ತದೆ. ರಿಪೇರಿ ಆದ ಮೇಲೆಯೇ ಗಟ್ಟಿಯಾಯಿತು ಎಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ, ಇಲ್ಲವೇ ಗ್ರೀಸ್ ಇಲ್ಲದೆ ಒಣದಾಗಿ ಹಾಕಿದ ಗ್ಯಾಸ್ಕೆಟ್ಟನ್ನು.

ಗ್ರೀಸ್ ಎಂದರೆ ಇಲ್ಲಿ ಸಿಲಿಕೋನ್ ಗ್ರೀಸ್ ಮಾತ್ರ. ಗ್ಯಾಸ್ಕೆಟ್ ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನದು, ಅದಕ್ಕೆ ಸಿಲಿಕೋನ್ ಹೊಂದುತ್ತದೆ. ಗ್ಯಾಸ್ಕೆಟ್ಟೇ ಸಿಲಿಕೋನ್ ರಬ್ಬರಿನದಾದರೆ ಮಾತ್ರ ಬೇಡ, ಅದು ಉಬ್ಬುತ್ತದೆ. ಗ್ರೀಸ್ ನೆನೆಸಿದ ಎರಡು ಸ್ಪಂಜುಗಳ ಡಬ್ಬಿ ಸಿಗುತ್ತದೆ. ಗ್ಯಾಸ್ಕೆಟ್ಟನ್ನು ನಡುವೆ ಇಟ್ಟು ಒಮ್ಮೆ ಒತ್ತಿ ಉರುಳಿಸಿದರೆ ಬೇಕಾದಷ್ಟು ಹತ್ತುತ್ತದೆ. ಬೆರಳಲ್ಲಾದರೆ ಗುಂಡುಸೂಜಿಯ ತಲೆಗಿಂತ ಕಡಿಮೆ ಗ್ರೀಸ್ ತೆಗೆದುಕೊಂಡು ಗ್ಯಾಸ್ಕೆಟ್ಟನ್ನು ಅದರಲ್ಲಿ ಹೊರಳಿಸಿ. ಮೈ ಹೊಳೆಯಬೇಕು, ಗ್ರೀಸಿನ ಮುದ್ದೆ ಎಲ್ಲಿಯೂ ಕಾಣಬಾರದು. ಹೆಚ್ಚಾದ ಗ್ರೀಸ್ ಟ್ಯೂಬಿನ ಹೊರಗೆ ಉಕ್ಕಿ ಧೂಳು ಹಿಡಿಯುತ್ತದೆ, ಧೂಳು ಸೇರಿದ ಗ್ರೀಸ್ ಸಾಣೆ ಹಿಡಿಯುವ ಪೇಸ್ಟಿನಂತೆ ಟ್ಯೂಬನ್ನು ಸವೆಸುತ್ತದೆ. ಸ್ಕ್ರೂ ಕ್ರೌನ್‌ನ ಮರೆಗೂ ಇದೇ ಗ್ರೀಸ್, ಇದಕ್ಕಿಂತ ತೆಳುವಾಗಿ.

ಈ ಸಿಲಿಕೋನ್ ಮೂವ್‌ಮೆಂಟ್‌ಗೆ ತಾಗಬಾರದು. ಲೋಹದ ಮೇಲೆ ಅದು ಹರಿದಾಡುತ್ತದೆ, ಅದು ಹರಿದ ಕಡೆ ಗಡಿಯಾರದ ಎಣ್ಣೆ ನಿಲ್ಲುವುದಿಲ್ಲ. ಗ್ಯಾಸ್ಕೆಟ್ ಮುಟ್ಟಿದ ಚಿಮಟದಿಂದ ಮೂವ್‌ಮೆಂಟ್ ಮುಟ್ಟಬೇಡಿ.

ಸ್ಟೆಮ್ ಮತ್ತು ಒಳಭಾಗಕ್ಕೆ ಗ್ರೀಸ್

ಒಳಗಿನ ಉಕ್ಕಿಗೆ ಉಕ್ಕು ಒತ್ತಿ ಜಾರುವ ಜಾಗಗಳಿಗೆ ಗಟ್ಟಿ ಗ್ರೀಸ್ ಬೇಕು: ಮೋಬಿಯಸ್ 9504, 9501 ಅಥವಾ ಮೊಲಿಕೋಟ್ ಡಿಎಕ್ಸ್. ಚಕ್ರಗಳ ಸಪೂರ ಕೀಲಿಗೆ ಹಾಕುವ ಮೋಬಿಯಸ್ 9010ರಂಥ ತೆಳು ಎಣ್ಣೆಯನ್ನು ಇಲ್ಲಿ ಹಾಕಿದರೆ ಒತ್ತಡಕ್ಕೆ ಪಕ್ಕಕ್ಕೆ ಸರಿದು ಜಾಗ ಒಣಗಿಬಿಡುತ್ತದೆ.

ಹಳೆಯ ಗ್ರೀಸಿನ ಮೇಲೆ ಹೊಸದನ್ನು ಹಚ್ಚಬೇಡಿ. ಸ್ಟೆಮ್ಮನ್ನು ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಿಸಿ. ಕೆಂಪು ತುಕ್ಕು ಇದ್ದರೆ ಸ್ಟೆಮ್ ಬದಲಿಸಿ, ಅದರ ಜೊತೆಗೇ ನೀರು ಎಲ್ಲಿಂದ ಬಂತು ಎಂದೂ ಹುಡುಕಿ. ಇನ್ನು ಆಯಿಲರಿನ ತುದಿಯಲ್ಲಿ ಚುಕ್ಕೆಯಷ್ಟು ಗ್ರೀಸ್ ತೆಗೆದುಕೊಂಡು ನಾಲ್ಕು ಕಡೆ ಮುಟ್ಟಿಸಿ: ಸ್ಟೆಮ್ಮಿನ ಒಳತುದಿಯ ಸಣ್ಣ ಮೊಳೆಗೆ, ಚೌಕದ ನಾಲ್ಕೂ ಮುಖಗಳಿಗೆ, ವೈಂಡಿಂಗ್ ಪಿನಿಯನ್ ಕೂರುವ ದುಂಡು ಭಾಗಕ್ಕೆ, ಸೆಟ್ಟಿಂಗ್ ಲಿವರ್ ಕೂರುವ ಕಚ್ಚಿಗೆ. ಚೌಕದ ಮೇಲೆ ಗ್ರೀಸ್ ಮಂಜು ಹಿಡಿದಂತೆ ಕಾಣಬೇಕು, ಮೂಲೆಗಳು ಚೂಪಾಗಿಯೇ ಕಾಣಬೇಕು. ಮೂಲೆ ದುಂಡಗೆ ಕಂಡರೆ ಹೆಚ್ಚಾಯಿತು, ಒರೆಸಿ ಮತ್ತೆ ಹಚ್ಚಿ.

ಸ್ಟೆಮ್ ಒಳಗೆ ಹೋಗುವಾಗ ಈ ಗ್ರೀಸಿನಲ್ಲಿ ಸ್ವಲ್ಪ ಪಿನಿಯನ್‌ಗಳಿಗೂ ತಲುಪುತ್ತದೆ, ಸಾಧಾರಣ ಬಿಗಿಗೆ ಅಷ್ಟು ಸಾಕು. ಯೋಕ್, ಸೆಟ್ಟಿಂಗ್ ಲಿವರ್, ಅದರ ಸ್ಪ್ರಿಂಗ್‌ನ ಕಚ್ಚು ಇವಕ್ಕೂ ಗ್ರೀಸ್ ಬೇಕೇನೋ ನಿಜ, ಆದರೆ ಅವೆಲ್ಲ ಡಯಲ್‌ನ ಅಡಿಯಲ್ಲಿವೆ. ಕ್ರೌನ್ ಎಳೆಯುವುದೇ ಕಷ್ಟವಾಗಿದ್ದರೆ ದೋಷ ಅಲ್ಲಿದೆ, ಪೂರ್ತಿ ಸರ್ವೀಸಿನ ಸಮಯದಲ್ಲಿ ಮಾಡಿಸಿ.

ಹಿಂದಕ್ಕೆ ಹಗುರ, ಮುಂದಕ್ಕೆ ಬಿಗಿ ಎಂಬ ವಾಚಿನಲ್ಲಿ ಕ್ರೌನ್ ವೀಲ್‌ನ ಅಡಿ ಒಣಗಿರುವುದು ಸಾಮಾನ್ಯ. ಅದನ್ನು ತೆಗೆಯುವ ಮೊದಲು ಸ್ಪ್ರಿಂಗ್‌ನ ಶಕ್ತಿ ಇಳಿಸಲೇಬೇಕು. ಸ್ಟೆಮ್ ಹಾಕಿ, ಕ್ರೌನನ್ನು ಎರಡು ಬೆರಳಿನಲ್ಲಿ ಗಟ್ಟಿಯಾಗಿ ಹಿಡಿದು, ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಿ ಕ್ಲಿಕ್ಕಿನ ಮೇಲಿನ ಭಾರ ತೆಗೆಯಿರಿ. ಪೆಗ್‌ವುಡ್‌ನಿಂದ ಕ್ಲಿಕ್ಕನ್ನು ಪಕ್ಕಕ್ಕೆ ಸರಿಸಿ ಹಿಡಿದು, ಕ್ರೌನ್ ಬೆರಳ ನಡುವೆ ಉಜ್ಜಿಕೊಂಡು ನಿಧಾನವಾಗಿ ಹಿಂದಿರುಗಲು ಬಿಡಿ. ಕೈ ಜಾರಿದರೆ ಕ್ಷಣದಲ್ಲಿ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರದ ಹಲ್ಲು ಹಾರಿಸುತ್ತದೆ. ಕ್ರೌನ್ ವೀಲ್‌ನ ಸ್ಕ್ರೂ ಅನೇಕ ಮೂವ್‌ಮೆಂಟ್‌ಗಳಲ್ಲಿ ಎಡಮರೆಯದು, ಅಂದರೆ ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ತಲೆಯಲ್ಲಿ ಒಂದರ ಬದಲು ಮೂರು ಗೆರೆಗಳಿದ್ದರೆ ಅದು ಎಡಮರೆಯ ಗುರುತು, ಆದರೆ ಎಲ್ಲರೂ ಆ ಗುರುತು ಹಾಕಿರುವುದಿಲ್ಲ. ಹಗುರ ಒತ್ತಡಕ್ಕೆ ಬಿಚ್ಚದ ಸ್ಕ್ರೂವನ್ನು ಇನ್ನೊಂದು ದಿಕ್ಕಿಗೆ ಪ್ರಯತ್ನಿಸಿ, ಬಲ ಹಾಕಬೇಡಿ. ಚಕ್ರದ ಅಡಿಯ ಉಂಗುರವನ್ನು ಸ್ವಚ್ಛ ಮಾಡಿ, ಗ್ರೀಸಿನ ತೆಳು ಪದರ ಹಚ್ಚಿ, ಹಾಗೆಯೇ ಕೂರಿಸಿ.

ಅಷ್ಟಾದರೂ ಮುಂದಕ್ಕೆ ಬಿಗಿ ಎಂದಾದರೆ ಬ್ಯಾರೆಲ್ಲಿನೊಳಗಿನ ಗ್ರೀಸ್ ಗಟ್ಟಿಯಾಗಿದೆ. ಬ್ಯಾರೆಲ್ ತೆರೆಯುವುದು ಬೇರೆ ಮಟ್ಟದ ಕೆಲಸ. ಆಟೋಮ್ಯಾಟಿಕ್ಕಿನಲ್ಲಂತೂ ಬ್ಯಾರೆಲ್ ಗೋಡೆಗೆ ಮೋಬಿಯಸ್ 8217ರಂಥ ಹಿಡಿದಿಡುವ ಗ್ರೀಸೇ ಬೇಕು. ಜಾರುವ ಗ್ರೀಸ್ ಹಚ್ಚಿದರೆ ಸ್ಪ್ರಿಂಗ್ ತುಂಬುವ ಮೊದಲೇ ಜಾರಿ, ವಾಚು ರಾತ್ರಿ ಕಳೆಯುವುದರೊಳಗೆ ನಿಂತುಹೋಗುತ್ತದೆ. ಇದನ್ನು ಕೈ ಪಳಗಿದವರಿಗೇ ಬಿಡಿ.

ಮರಳಿ ಜೋಡಿಸುವಾಗ

ಸ್ಟೆಮ್ಮನ್ನು ನೇರವಾಗಿ ತೂರಿಸಿ, ಹಿಂದೆ ಮುಂದೆ ಅಲ್ಪ ತಿರುಗಿಸುತ್ತಾ ಒತ್ತಿ. ಚೌಕ ಪಿನಿಯನ್‌ನೊಳಗೆ ಸಿಕ್ಕಾಗ ಒಂದು ಹೆಜ್ಜೆ ಒಳಗಿಳಿದಂತೆ ತಿಳಿಯುತ್ತದೆ, ಆಮೇಲೆ ಸೆಟ್ಟಿಂಗ್ ಲಿವರ್ ಕಚ್ಚಿಗೆ ಕೂತ ಸಣ್ಣ ಸದ್ದು. ಸ್ಕ್ರೂ ಬಗೆಯಾದರೆ ಬಿಚ್ಚಿದಷ್ಟೇ ಸುತ್ತು ಬಿಗಿ ಮಾಡಿ. ಹಗುರವಾಗಿ ಎಳೆದು ನೋಡಿ, ಕೈಗೆ ಬರಬಾರದು. ಒಳಗೆ ಇಳಿಯದೆ ಗೋಡೆಗೆ ತಾಗಿದಂತೆ ನಿಂತರೆ ಸ್ಲೈಡಿಂಗ್ ಪಿನಿಯನ್ ಸರಿದಿದೆ, ಸುತ್ತಿಗೆಯ ಪೆಟ್ಟಂತೂ ಬೇಡವೇ ಬೇಡ, ಹೆಬ್ಬೆರಳ ಬಲವನ್ನೂ ಹಾಕಬೇಡಿ.

ಮುಚ್ಚಳ ಹಾಕುವ ಮೊದಲು ಕೀ ಕೊಡುವುದು, ಮುಳ್ಳು ತಿರುಗಿಸುವುದು, ತಾರೀಖು ಬದಲಿಸುವುದು ಮೂರನ್ನೂ ನೋಡಿ. ತಾರೀಖಿನ ಪರೀಕ್ಷೆ ಮಾಡುವಾಗ ಮುಳ್ಳುಗಳನ್ನು ಆರು ಗಂಟೆಯ ಆಸುಪಾಸಿಗೆ ತಂದಿಟ್ಟುಕೊಳ್ಳಿ. ರಾತ್ರಿ 9ರಿಂದ ಬೆಳಗಿನ 3ರ ಒಳಗೆ ತಾರೀಖಿನ ಚಕ್ರ ಹಲ್ಲಿಗೆ ಸಿಕ್ಕಿರುತ್ತದೆ, ಆ ಹೊತ್ತಿನಲ್ಲಿ ಕ್ರೌನ್ ತಿರುಗಿಸಿ ತಾರೀಖು ಬದಲಿಸಿದರೆ ಅದು ಮುರಿಯಬಹುದು. ಹಿಂಬದಿ ಮುಚ್ಚಳದ ಗ್ಯಾಸ್ಕೆಟ್‌ಗೂ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿಯೇ ಮುಚ್ಚಿ.

ಮುಚ್ಚಿದ ಮೇಲೆ, ಮುಚ್ಚಳದ ಮೇಲೆ ನೀರು ತಡೆಯುವ ಒತ್ತಡ 10 ಬಾರ್ ಎಂದು ಕೆತ್ತಿದ್ದರೂ, ಒತ್ತಡ ಪರೀಕ್ಷೆ ಆಗುವವರೆಗೆ ಆ ವಾಚನ್ನು ನೀರಿಗೆ ತೋರಿಸಬೇಡಿ. ಒಂದು ದಿನ ಓಡಲು ಬಿಟ್ಟು ಮರುದಿನ ಅದೇ ಹೊತ್ತಿಗೆ ಕೀ ಕೊಡಿ. ಕೈಯಿಂದ ಕೀ ಕೊಡುವ ವಾಚಾದರೆ ಎಷ್ಟು ಸುತ್ತಿಗೆ ತುಂಬಿತು ಎಂದು ಬರೆದಿಟ್ಟುಕೊಳ್ಳಿ, ಮುಂದೆ ಎಂದಾದರೂ ಅದೇ ವಾಚು ಅರ್ಧ ಸುತ್ತಿಗೇ ಗಟ್ಟಿಯಾದರೆ ಹೋಲಿಸಿ ನೋಡಲು ಆ ಸಂಖ್ಯೆ ಬೇಕಾಗುತ್ತದೆ.